ದಾಖಲೆ ಮತ್ತು ವಾಸ್ತವ: ರೋಗಿಯ ಅಪಾಯವನ್ನು ಗಣಿಸುವ ಯಂತ್ರವನ್ನು ಕುರಿತು

ದಾನಶಾಸನವೊಂದು ದೊರೆತಾಗ ಇತಿಹಾಸದ ವಿದ್ಯಾರ್ಥಿಯು ಅದನ್ನು ಯಾರು, ಯಾವ ಉದ್ದೇಶದಿಂದ ಬರೆಯಿಸಿದರೆಂದು ಮೊದಲು ವಿಚಾರಿಸುತ್ತಾನೆ. ದಾನದ ವಿವರವೆಲ್ಲ ಅದರಲ್ಲಿರುತ್ತದೆ. ದಾನ ದೊರೆಯದವರ ಸುದ್ದಿ ಇರುವುದಿಲ್ಲ. ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ ರೋಗಿಗೆ ಮುಂದೆ ಒದಗಬಹುದಾದ ಅಪಾಯವನ್ನು ವೈದ್ಯರಿಗೆ ತಿಳಿಸುವ ಯಂತ್ರಕಲಿಕೆಯ ಸಾಧನಗಳನ್ನೂ ಇದೇ ರೀತಿ ವಿಚಾರಿಸಬೇಕಾಗಿದೆ.

2019ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜಿಯಾದ್ ಒಬರ್‌ಮೈಯರ್, ಸೆಂಧಿಲ್ ಮುಲ್ಲೈನಾಥನ್ ಮತ್ತು ಇನ್ನಿಬ್ಬರು ಪ್ರಕಟಿಸಿದ ಪ್ರಬಂಧ ಈ ದೃಷ್ಟಿಯಿಂದ ಗಮನಾರ್ಹವಾದುದು. ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಸಾಧನವನ್ನು ಅವರು ಪರೀಕ್ಷಿಸಿದರು. ಪ್ರತಿಯೊಬ್ಬ ರೋಗಿಗೂ ಒಂದು ಅಪಾಯಾಂಕವನ್ನು ಕೊಟ್ಟು, ವಿಶೇಷ ಆರೈಕೆ ಯಾರಿಗೆ ಸಲ್ಲಬೇಕೆಂದು ಸೂಚಿಸುವುದು ಅದರ ಕೆಲಸ. ಅಂಕ ಸಮವಾಗಿದ್ದರೂ ಕಪ್ಪು ವರ್ಣದವರು ಬಿಳಿಯರಿಗಿಂತ ಹೆಚ್ಚು ರೋಗಪೀಡಿತರಾಗಿದ್ದರು. ಅಂಕದ ಬಲದಿಂದಲೇ ಆಯ್ಕೆಯಾಗುವ ಮಟ್ಟದಲ್ಲಿ ಬಿಳಿಯರಿಗೆ ಸರಾಸರಿ 3.8 ದೀರ್ಘಕಾಲಿಕ ವ್ಯಾಧಿಗಳಿದ್ದರೆ ಕಪ್ಪು ವರ್ಣದವರಿಗೆ 4.8 ಇದ್ದುವು.

ಯಂತ್ರಕ್ಕೆ ರೋಗಿಯ ವರ್ಣವನ್ನು ತಿಳಿಸಿರಲಿಲ್ಲ. ಹಾಗಾದರೆ ದೋಷ ಎಲ್ಲಿಂದ ಬಂದಿತು? ಅದು ಊಹಿಸುತ್ತಿದ್ದುದು ಚಿಕಿತ್ಸೆಯ ವೆಚ್ಚವನ್ನು. ವ್ಯಾಧಿಗಳ ಸಂಖ್ಯೆ ಒಂದೇ ಆಗಿದ್ದರೂ ಕಪ್ಪು ವರ್ಣದವರಿಗಾಗಿ ವರ್ಷಕ್ಕೆ ಸುಮಾರು 1,800 ಡಾಲರ್ ಕಡಮೆ ವೆಚ್ಚವಾಗುತ್ತಿತ್ತು. ಬಡತನ, ಆಸ್ಪತ್ರೆಯ ದೂರ, ವೈದ್ಯರಲ್ಲಿ ಅಪನಂಬಿಕೆ ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. ಯಂತ್ರ ವೆಚ್ಚವನ್ನು ಸರಿಯಾಗಿಯೇ ಗಣಿಸಿತು. ಬಳಸಿದವರು ಅದನ್ನು ರೋಗದ ಅಳತೆಯೆಂದು ಓದಿದರು. ಈ ಪಕ್ಷಪಾತ ನೀಗಿದರೆ ಆಯ್ಕೆಯಾದವರಲ್ಲಿ ಕಪ್ಪು ವರ್ಣದವರ ಪ್ರಮಾಣ ನೂರಕ್ಕೆ 17.7ರಿಂದ 46.5ಕ್ಕೆ ಏರುವುದೆಂದು ಲೇಖಕರು ತೋರಿಸಿದ್ದಾರೆ.

ಇಂಥ ಪ್ರಮಾದ ಇದೊಂದೇ ಅಲ್ಲ. 1990ರ ದಶಕದಲ್ಲಿ ನ್ಯುಮೋನಿಯಾ ರೋಗಿಗಳ ದಾಖಲೆಗಳಿಂದ ಕಲಿತ ಯಂತ್ರವು ಆಸ್ತಮಾ ಇದ್ದವರಿಗೆ ಸಾವಿನ ಭಯ ಕಡಮೆ ಎಂದು ನಿರ್ಣಯಿಸಿದ ಪ್ರಸಂಗವನ್ನು ರಿಚ್ ಕರುವಾನಾ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದ್ದಾರೆ. ಆಸ್ತಮಾ ರೋಗಿಗಳನ್ನು ವೈದ್ಯರು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದುದರಿಂದಲೇ ಅವರು ಬದುಕಿದ್ದರು. ಯಂತ್ರದ ಮಾತನ್ನು ನಂಬಿ ಅವರನ್ನು ಮನೆಗೆ ಕಳುಹಿಸಿದ್ದರೆ ಅನಾಹುತವಾಗುತ್ತಿತ್ತು.

ಒಬರ್‌ಮೈಯರ್ ಅವರ ಪ್ರಬಂಧದ ಹಿರಿಮೆಯೆಂದರೆ, ದೋಷ ಹುಟ್ಟಿದ ಸ್ಥಳವನ್ನು ಖಚಿತವಾಗಿ ಗುರುತಿಸಿರುವುದು. ಕೇವಲ ವೆಚ್ಚವನ್ನು ಬಿಟ್ಟು ಆರೋಗ್ಯದ ಅಳತೆಯನ್ನೂ ಗಣನೆಗೆ ತರಬೇಕೆಂಬ ಅವರ ಸಲಹೆ ಸಾಧುವಾದುದು. ಆದರೆ ಒಂದು ಆಕ್ಷೇಪಣೆ ಉಳಿಯುತ್ತದೆ. ವ್ಯಾಧಿಗಳ ಎಣಿಕೆಯೂ ಒಂದು ದಾಖಲೆಯೇ. ವೈದ್ಯರ ಬಳಿಗೆ ಹೋಗಲಾರದವನ ಮಧುಮೇಹ ಯಾವ ಕಡತದಲ್ಲಿಯೂ ಸೇರಿರುವುದಿಲ್ಲ. ಆದುದರಿಂದ ನಿಜವಾದ ಅಂತರ ಪ್ರಬಂಧದಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿರಲೂಬಹುದು.

ಇಂಥ ಸಾಧನಗಳನ್ನು ತ್ಯಜಿಸಬೇಕೆಂದು ಇದರ ತಾತ್ಪರ್ಯವಲ್ಲ. ಸಾವಿರಾರು ಕಡತಗಳನ್ನು ಒಬ್ಬ ವೈದ್ಯರು ಓದಿ ಮುಗಿಸಲಾರರು. ಆದರೆ ಅಂಕವನ್ನು ಕಾರ್ಯಕ್ಕೆ ತರುವ ಮುನ್ನ, ಇದು ಯಾವುದರ ಅಳತೆ, ಈ ಕಡತಗಳಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ವಿಚಾರಿಸುವುದು ಅವಶ್ಯಕ. ಆಕರಗಳನ್ನು ಹೀಗೆ ವಿಚಾರಿಸುವ ಅಭ್ಯಾಸವನ್ನು ನಮ್ಮ ತರಗತಿಗಳಲ್ಲಿ ಕಲಿಸುತ್ತಲೇ ಬಂದಿದ್ದೇವೆ. ವೈದ್ಯವಿದ್ಯಾರ್ಥಿಗಳಿಗೂ ಅದು ಇಂದು ಬೇಕಾಗಿದೆ.