ಯಾವುದು ತತ್ವಪದ?

ತತ್ವಪದವೆಂಬ ಹೆಸರು ಈಗ ನಮ್ಮ ಪಠ್ಯಪುಸ್ತಕಗಳಲ್ಲಿ ಭದ್ರವಾಗಿ ಕುಳಿತಿದೆ. ಅದರ ಲಕ್ಷಣಗಳನ್ನು ಬರೆಯಿರಿ ಎಂದು ಪ್ರಶ್ನಪತ್ರಿಕೆಯಲ್ಲಿ ಕೇಳುತ್ತೇವೆ; ಏಕತಾರಿ, ಗುರುಮಹಿಮೆ, ಬೆಡಗು, ಅಂಕಿತ ಎಂದು ನಾಲ್ಕು ಮಾತು ಬರೆದವರಿಗೆ ಅಂಕಗಳನ್ನೂ ಕೊಡುತ್ತೇವೆ. ಆಳಂದ ತಾಲೂಕಿನ ನರೋಣಾದ ಕಡೆಯ ಭಜನೆಯವರಿಗೆ ಈ ಹೆಸರಿನ ಹಂಗಿಲ್ಲ. ಅವರಿಗೆ ಅದು ‘ಪದ’; ಹೆಚ್ಚೆಂದರೆ ‘ಭಜನಿ ಪದ’. ಹೆಸರಿಟ್ಟವರು ನಾವು, ಗಡಿ ಕೊರೆದವರು ನಾವು, ಈಗ ಆ ಗಡಿಯ ಮೇಲೆ ನಿಂತು ಜಗಳವಾಡುತ್ತಿರುವವರೂ ನಾವೇ.

ಜಗಳ ಸಣ್ಣದಲ್ಲ. ವೇದಾಂತದ ಪರಿಭಾಷೆ ಇದ್ದರೆ ಮಾತ್ರ ತತ್ವಪದ ಎನ್ನುವವರದು ಒಂದು ಪಕ್ಷ. ಇವರ ಮಾತನ್ನು ಒಪ್ಪಿದರೆ ನಿಜಗುಣ ಶಿವಯೋಗಿಗಳ ‘ಕೈವಲ್ಯ ಪದ್ಧತಿ’, ಸರ್ಪಭೂಷಣ ಶಿವಯೋಗಿಗಳ ‘ಕೈವಲ್ಯ ಕಲ್ಪವಲ್ಲರಿ’ ಮೊದಲ ಪಂಕ್ತಿಯಲ್ಲಿ ಕೂಡುತ್ತವೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಅಳತೆಗೋಲನ್ನು ಕಡಕೋಳ ಮಡಿವಾಳಪ್ಪನವರಿಗೆ ಹಿಡಿದು ನೋಡಿ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಆಗ ಜೇವರ್ಗಿ ತಾಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆಸಿದ ಈ ಅನುಭಾವಿ ಕಪಟ ಗುರುಗಳನ್ನೂ ಮಠದ ಡಂಭವನ್ನೂ ಬಯ್ದು ಹಾಡಿದ ಪದಗಳಲ್ಲಿ ವೇದಾಂತದ ಪರಿಭಾಷೆ ಹುಡುಕಿದರೂ ಸಿಗದು. ಅಲ್ಲಿರುವುದು ಹೊಲ, ಒಲೆ, ಸಂತೆ, ಬೈಗುಳ. ಅವನ್ನು ಹೊರಗಿಟ್ಟ ಮೇಲೆ ಉಳಿಯುವ ತತ್ವಪದ ಯಾರಿಗೆ ಬೇಕು?

ಇನ್ನೊಂದು ಪಕ್ಷದವರು ವೇಷ ನೋಡಿ ಮಣೆ ಹಾಕುವವರು. ಏಕತಾರಿಯ ಶ್ರುತಿ, ದಮ್ಮಡಿ, ತಾಳ ಇದ್ದರೆ ಸಾಕು, ಅದು ತತ್ವಪದ. ಈ ಲೆಕ್ಕದಲ್ಲಿ ಸಭಾಮಂಟಪಗಳಲ್ಲಿ ಕಾವಿ ಶಾಲು ಹೊದ್ದು ಹಾಡುವ ಯಾವ ಪ್ರಚಾರಗೀತೆಯೂ ಒಳಗೆ ಬಂದೀತು. ಈಚೆಗೆ ಬರುತ್ತಲೂ ಇದೆ.

ಈ ಬಗೆಯ ಜಗಳ ನಮ್ಮಲ್ಲಿ ಮಾತ್ರವಲ್ಲ. ನಮ್ಮ ಕಾಲೇಜಿನ ಕೆಲ ಹುಡುಗರು ಕಿವಿಗೆ ಹಾಕಿಕೊಂಡು ತಿರುಗುವ ‘ಪಂಕ್ ರಾಕ್’ ಎಂಬ ಸಂಗೀತದ ಚರಿತ್ರೆಯಲ್ಲಿ ಇದಕ್ಕಿಂತ ಕಟುವಾದ ವಾದ ನಡೆದಿದೆ. ಪಂಕ್ ಎಂದರೆ ಕೆಲಸಕ್ಕೆ ಬಾರದ ಪುಂಡ ಎಂದರ್ಥ. ನ್ಯೂಯಾರ್ಕಿನಲ್ಲಿ ರಾಮೋನ್ಸ್, 1976ರ ಲಂಡನ್ನಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಮತ್ತು ಕ್ಲ್ಯಾಶ್ ತಂಡಗಳು ಸಂಗೀತದ ಪಾಂಡಿತ್ಯವನ್ನೇ ಧಿಕ್ಕರಿಸಿ, ಎರಡು ಮೂರು ಸ್ವರಮೇಳಗಳಲ್ಲಿ ಹಾಡು ಮುಗಿಸಿದವು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ಯಾವ ಕಂಪನಿಯನ್ನೂ ಕಾಯದೆ ತನ್ನ ತಟ್ಟೆಯನ್ನು ತಾನೇ ಹೊರತಂದಿತು. ಅದೇ ತಿಂಗಳು ಕ್ಲ್ಯಾಶ್ ತಂಡ ಸಿಬಿಎಸ್ ಎಂಬ ದೊಡ್ಡ ಕಂಪನಿಗೆ ಸಹಿ ಹಾಕಿದ್ದೇ ತಡ, ಪಂಕ್ ಸತ್ತಿತೆಂದು ಅವರ ಬಳಗದ ಪತ್ರಿಕೆಯವನೇ ಸಾರಿದ. ಮರುವರ್ಷ ಕ್ರಾಸ್ ಎಂಬ ತಂಡ ಆ ಸಾವನ್ನೇ ಹಾಡು ಮಾಡಿತು. ಮುಂದೆ ಹಾರ್ಡ್‌ಕೋರ್, ಪೋಸ್ಟ್-ಪಂಕ್, ಪಾಪ್-ಪಂಕ್ ಎಂದು ಒಳಪಂಗಡಗಳು ಹುಟ್ಟಿದವು. ಒಬ್ಬರನ್ನೊಬ್ಬರು ‘ನೀವು ನಿಜವಾದವರಲ್ಲ’ ಎಂದರು. ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಈ ವಾದದಲ್ಲಿ ಗಿಟಾರಿನ ಶ್ರುತಿಗಿಂತ ಹೆಚ್ಚಾಗಿ ಕೇಳಿಬಂದ ಪ್ರಶ್ನೆ, ಹಾಡುವವನು ಯಾರ ಋಣದಲ್ಲಿದ್ದಾನೆ ಎಂಬುದು.

ತತ್ವಪದಕ್ಕೂ ಕೇಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಉತ್ತರ ಅಂಕಿತದಲ್ಲಿದೆ. ಶಿಶುನಾಳ ಷರೀಫರು (1819–1889) ಶಿಶುನಾಳಾಧೀಶನ ಹೆಸರಿನಲ್ಲಿ ಹಾಡು ಮುಗಿಸುತ್ತಾರೆ. ಕಳಸದ ಗೋವಿಂದಭಟ್ಟರ ಸ್ಮರಣೆ ಅವರ ಪದಗಳಲ್ಲಿ ಹಾಸುಹೊಕ್ಕಾಗಿದೆ. ಮಡಿವಾಳಪ್ಪನವರ ಶಿಷ್ಯವರ್ಗದಲ್ಲಿ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು, ರಾಂಪುರದ ಬಕ್ಕಪ್ಪನವರು ಸಾಲಾಗಿ ನಿಲ್ಲುತ್ತಾರೆ. ಜಾತಿಯ ಪಟ್ಟಿಯಲ್ಲಿ ಒಂದೆಡೆ ಕೂಡದ ಈ ಹೆಸರುಗಳನ್ನು ಕೂಡಿಸಿದ್ದು ರಾಗವಲ್ಲ, ಸಿದ್ಧಾಂತವೂ ಅಲ್ಲ, ಒಬ್ಬ ಗುರುವಿನ ಋಣ. ಅಂಕಿತವನ್ನು ನಂಬಲಾಗದು, ಹಿಂದಿನವರ ಹೆಸರಿಗೆ ಹೊಸಬರು ಪದ ಕಟ್ಟಿ ಸೇರಿಸುತ್ತಾರೆ ಎಂದು ಸಂಶೋಧಕ ಮಿತ್ರರು ಆಕ್ಷೇಪಿಸಬಹುದು. ನಿಜ. ಕರ್ತೃತ್ವಕ್ಕೆ ಅದು ದುರ್ಬಲ ಸಾಕ್ಷಿ. ಆದರೆ ತನ್ನ ಹೆಸರನ್ನು ಅಳಿಸಿ ಗುರುವಿನ ಹೆಸರಿಟ್ಟವನು ಆ ಬಳಗಕ್ಕೆ ಸೇರಲು ಬಯಸಿದನೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಬೇರೊಂದಿಲ್ಲ.

ಹೀಗೆಂದಾಗ ರಘು ದೀಕ್ಷಿತರ ಮಾತು ಬರುತ್ತದೆ. 2008ರ ‘ಅಂತರಾಗ್ನಿ’ಯಲ್ಲಿ ಅವರು ಷರೀಫರನ್ನು ಗಿಟಾರು, ಡ್ರಮ್ಮುಗಳ ನಡುವೆ ಹಾಡಿದಾಗ ಮೂಗು ಮುರಿದವರಿದ್ದರು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಸಿ. ಅಶ್ವತ್ಥರ ವಾದ್ಯವೃಂದವನ್ನು ಮೆಚ್ಚಿದವರೇ ಅವರಲ್ಲಿ ಹಲವರು! ಹಾರ್ಮೋನಿಯಂ ತತ್ವಪದಕ್ಕೆ ಸಲ್ಲುವುದಾದರೆ ಗಿಟಾರು ಏಕೆ ಸಲ್ಲದು? ಎರಡೂ ಪಡುವಣದಿಂದ ಬಂದವು. ನನ್ನ ಅಸಮಾಧಾನ ವಾದ್ಯದ ಬಗ್ಗೆ ಅಲ್ಲ. ಭಜನೆಯಲ್ಲಿ ಒಂದು ಪದ ಮುಗಿದೊಡನೆ ಎದುರಿಗೆ ಕುಳಿತವನು ಇದರ ಅರ್ಥ ಹೇಳು ಎಂದು ಕೆಣಕಬಹುದು, ಇನ್ನೊಂದು ಪದದಿಂದ ಜವಾಬು ಕೊಡಬಹುದು. ವೇದಿಕೆಯ ಹಾಡಿಗೆ ಸಿಗುವುದು ಚಪ್ಪಾಳೆ ಮಾತ್ರ, ಅದು ಅಶ್ವತ್ಥರದಾದರೂ ದೀಕ್ಷಿತರದಾದರೂ.

ಈ ವಿವೇಚನೆ ಪಂಡಿತರ ಕಾಲಹರಣವೆಂದು ವಾಚಕರು ಭಾವಿಸಬಾರದು. ಯಾವುದು ಸಂಪುಟಕ್ಕೆ ಸೇರಬೇಕು, ಯಾವುದು ಹಾಡುವವನೊಂದಿಗೆ ಮಣ್ಣಾಗಬೇಕು ಎಂಬುದು ವ್ಯಾಖ್ಯೆಯಿಂದಲೇ ತೀರ್ಮಾನವಾಗುತ್ತದೆ. ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ತತ್ವಪದಗಳ ಸಂಪುಟಗಳನ್ನು ಹೊರತಂದದ್ದು ದೊಡ್ಡ ಉಪಕಾರ. ಆದರೂ ನಮ್ಮ ಪಾಠಕ್ರಮಗಳಲ್ಲಿ ಮೊಹರಮ್ಮಿನ ಪದಗಳ ಗತಿ ಏನಾಗಿದೆ ನೋಡಿ. ಕಲಬುರಗಿಯ ಸೀಮೆಯಲ್ಲಿ ಅಲಾಯಿ ಕುಣಿಯ ಸುತ್ತ ಹಸನ್-ಹುಸೇನರ ಕರ್ಬಲಾ ಕಥೆಯನ್ನು ಹಾಡುವವರಲ್ಲಿ ಹಿಂದೂ ಒಕ್ಕಲಿಗರೂ ಇದ್ದಾರೆ. ಅಮಾವಾಸ್ಯೆಯ ಭಜನೆಯಲ್ಲಿ ದಮ್ಮಡಿ ಹಿಡಿಯುವವರೂ ಎಷ್ಟೋ ಸಲ ಅವರೇ. ಷರೀಫರೇ ಇಂಥ ಪದ ಕಟ್ಟಿದ್ದಾರೆ. ಷರೀಫರದೆಂಬ ಕಾರಣಕ್ಕೆ ಅವು ತತ್ವಪದಗಳ ಸಂಗ್ರಹದಲ್ಲಿ ಅಚ್ಚಾಗುತ್ತವೆ. ಅದೇ ಧಾಟಿಯಲ್ಲಿ, ಅದೇ ಭಕ್ತಿಯಲ್ಲಿ, ತನ್ನ ಊರಿನ ಪೀರನ ಅಂಕಿತವಿಟ್ಟು ಹೆಸರಿಲ್ಲದ ಒಬ್ಬ ರೈತ ಕಟ್ಟಿದ ರಿವಾಯತನ್ನು ಮಾತ್ರ ನಾವು ‘ಹಬ್ಬದ ಹಾಡುಗಳು’ ಎಂಬ ಬೇರೆ ಅಧ್ಯಾಯಕ್ಕೆ ತಳ್ಳುತ್ತೇವೆ. ಬೀಸುವ ಕಲ್ಲಿನ ಮುಂದೆ ಗುರುವನ್ನು ನೆನೆದ ಹೆಣ್ಣುಮಕ್ಕಳ ಪದಗಳನ್ನೂ ಅಲ್ಲಿಯೇ ಸೇರಿಸಿದ್ದೇವೆ.