ಕಂಕುಳಿನ ಹತ್ತು ನಿಮಿಷ

ಬ್ರೋಡಾ ಬಾರ್ನ್ಸ್ ಎಂಬ ಅಮೆರಿಕದ ವೈದ್ಯರ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವರ ಪರೀಕ್ಷೆ ಮಾತ್ರ ಬಾಯಿಂದ ಬಾಯಿಗೆ ಹಳ್ಳಿಯವರೆಗೂ ಬಂದಿದೆ. ಬೆಳಿಗ್ಗೆ ಎಚ್ಚರಾದ ಕೂಡಲೇ ಹಾಸಿಗೆ ಬಿಡದೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಹತ್ತು ನಿಮಿಷ ಅಲುಗಾಡದೆ ಮಲಗಿರಬೇಕು. ಪಾದರಸ 97.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ನಿಂತರೆ ಥೈರಾಯ್ಡ್ ಮಂದವಾಗಿದೆ ಎಂದು ತಿಳಿಯಬೇಕು. ರಕ್ತಪರೀಕ್ಷೆ ತಪ್ಪಬಹುದು, ಮೈಯ ಕಾವು ಸುಳ್ಳು ಹೇಳುವುದಿಲ್ಲ ಎಂದು ವಾದಿಸುವವರೂ ಇದ್ದಾರೆ. ಈ ಪರೀಕ್ಷೆಗೆ ಸಿಕ್ಕ ಗೌರವ ಅದರ ಯೋಗ್ಯತೆಯನ್ನು ಬಹಳ ಮೀರಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಥೈರಾಯ್ಡ್ ಎಂದರೇನು, ಅದು ಸೊರಗಿದಾಗ ಅದನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಯಾಕೆ ಏರುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಇವತ್ತು ಯಾವ ಓಣಿಯಲ್ಲಿ ಕೇಳಿದರೂ ಅದನ್ನು ಹೇಳುವವರು ಸಿಗುತ್ತಾರೆ.

ಬಾರ್ನ್ಸ್ ಈ ವಿಧಾನವನ್ನು ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1942ರಲ್ಲಿ. ಆಗ ಟಿಎಸ್‌ಎಚ್ ಅಳೆಯುವ ರಕ್ತಪರೀಕ್ಷೆ ಇರಲಿಲ್ಲ. ಟಿ3 ಎಂಬ ಥೈರಾಯ್ಡ್ ಹಾರ್ಮೋನು ಇದೆಯೆಂದು ಗೊತ್ತಾದದ್ದೇ 1952ರಲ್ಲಿ. ರೋಗಿಯನ್ನು ಉಪವಾಸ ಮಲಗಿಸಿ, ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತಾನೆ ಎಂದು ಯಂತ್ರದಿಂದ ಅಳೆಯುವುದೇ ಮುಖ್ಯ ದಾರಿಯಾಗಿತ್ತು. ಯಂತ್ರ ಕಂಡು ಗಾಬರಿಯಾದವನ ಉಸಿರು ಏರಿ ಲೆಕ್ಕವೇ ಕೆಡುತ್ತಿತ್ತು. ಅದರ ಎದುರು ಮನೆಯ ಥರ್ಮಾಮೀಟರ್ ವಾಸಿ ಎಂದದ್ದು ಆ ಹೊತ್ತಿಗೆ ಒಳ್ಳೆಯ ಬುದ್ಧಿಯೇ. ಆದರೆ 1976ರಲ್ಲಿ ಅವರು ಪುಸ್ತಕ ತಂದಾಗ ಟಿಎಸ್‌ಎಚ್ ಅಳತೆ ಬಂದು ಹತ್ತು ವರ್ಷವಾಗಿತ್ತು. ಆಗಲೂ ಅದೇ ಕಂಕುಳು, ಅದೇ 97.8. ಜೊತೆಗೆ ಅಮೆರಿಕದ ನೂರಕ್ಕೆ ನಲವತ್ತು ಜನರ ಥೈರಾಯ್ಡ್ ಮಂದ ಎಂಬ ಹೇಳಿಕೆ ಬೇರೆ.

ಆ 97.8ನ್ನೇ ಸ್ವಲ್ಪ ಹಿಡಿದು ನೋಡೋಣ. ಆರೋಗ್ಯವಂತರ ಮೈಕಾವು ನಸುಕಿನಲ್ಲೇ ದಿನದ ಅತಿ ಕೆಳಗಿನ ಮಟ್ಟಕ್ಕೆ ಇಳಿದಿರುತ್ತದೆ. ಸಂಜೆಗೆ ಹೋಲಿಸಿದರೆ ಒಂದು ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಕಡಿಮೆ. ಕಂಕುಳು ಬಾಯಿಗಿಂತ ತಣ್ಣಗೆ. ನಾವು ಬಾಯಿಪಾಠ ಮಾಡಿಕೊಂಡ 98.6 ಎಂಬುದು ಜರ್ಮನಿಯ ವುಂಡರ್ಲಿಚ್ 1868ರಲ್ಲಿ ಕೊಟ್ಟ ಸಂಖ್ಯೆ. 1992ರಲ್ಲಿ ಅಮೆರಿಕದ ಮಕೋವಿಯಾಕ್ ಮತ್ತು ಸಂಗಡಿಗರು 148 ಆರೋಗ್ಯವಂತರ ಬಾಯಿಯಲ್ಲಿ ಅಳೆದಾಗ ಸರಾಸರಿ 98.2 ಬಂತು. ಬಾಯಿಯಲ್ಲಿ, ಇಡೀ ದಿನದ ಸರಾಸರಿಯೇ 98.2 ಇರುವಾಗ, ನಸುಕಿನ ಕಂಕುಳಲ್ಲಿ 97.8 ದಾಟದಿರುವುದು ರೋಗವಲ್ಲ. ಬಹಳ ಮಂದಿಯ ಸಹಜ ಸ್ಥಿತಿ. ಹೆಣ್ಣುಮಕ್ಕಳ ಮೈಕಾವು ತಿಂಗಳಿನೊಳಗೇ ಏರಿಳಿಯುತ್ತದೆಂದು ಬಾರ್ನ್ಸ್‌ಗೆ ಗೊತ್ತಿತ್ತು. ಮುಟ್ಟಿನ ಎರಡನೆಯ, ಮೂರನೆಯ ದಿನ ನೋಡಿ ಎಂದಿದ್ದರು. ಅದು ಅವರ ಎಚ್ಚರ. ಪರೀಕ್ಷೆ ಬಾಯಿಂದ ಬಾಯಿಗೆ ದಾಟುವಾಗ ಮೊದಲು ಉದುರಿದ್ದೇ ಆ ಸೂಚನೆ.

ಇನ್ನು ಹತ್ತು ನಿಮಿಷ. ಗದಗಿನ ಅಸುಂಡಿಯಲ್ಲಿ ನಮ್ಮ ಚಿಗವ್ವ ಕೆಲವು ವರ್ಷಗಳಿಂದ ಥೈರಾಯ್ಡ್ ಗುಳಿಗೆ ತಗೊಳ್ಳುತ್ತಾಳೆ. ಆದರೂ ಮಾಗಿಯಲ್ಲಿ ಎರಡು ಕೌದಿ ಹೊದ್ದರೂ ಅಂಗಾಲು ತಣ್ಣಗೆ. ಯಾರೋ ಈ ಪರೀಕ್ಷೆ ಹೇಳಿಕೊಟ್ಟರು. ಕಡಿಮೆ ಬಂದರೆ ಗುಳಿಗೆಯ ಡೋಸ್ ಏರಿಸಿಕೋ ಎಂದೂ ಹೇಳಿದರು. ಬಂದದ್ದು 96.9. ಹೇಗೆ ನೋಡಿದೆ ಎಂದು ಕೇಳಿದೆ. "ಹತ್ತ ನಿಮಿಷ ಬಿದ್ದಿರಬೇಕಂತ. ನಳಕ್ಕ ನೀರ ಬಂದಾಗ ಯಾರ ಬಿದ್ದಿರತಾರ ತಮ್ಮಾ? ಕೊಡಾ ತುಂಬಿಟ್ಟ ಬಂದು ಇಟಗೊಂಡೆ, ಅದು ಕುಂಯ್ ಅಂತು, ತಗದೆ" ಎಂದಳು. ಒದ್ದೆ ಕೈ, ಅಂಗಳದ ಗಾಳಿಗೆ ಆರಿದ ತೋಳು, ಆಗಷ್ಟೇ ಮುಚ್ಚಿದ ಕಂಕುಳು. ಈಗಿನ ಡಿಜಿಟಲ್ ಥರ್ಮಾಮೀಟರ್ ಏರಿಕೆ ನಿಧಾನವಾದ ಕೂಡಲೇ ಶಬ್ದ ಮಾಡುತ್ತದೆ. ಕಂಕುಳು ಒಳಗಿನ ಕಾವಿಗೆ ಬರುವವರೆಗೆ ಕಾಯುವುದಿಲ್ಲ. ಬಾರ್ನ್ಸ್ ಪರೀಕ್ಷೆಗೆ ಪಾದರಸದ ಕಡ್ಡಿ, ನಿದ್ದೆಯಿಂದ ಎದ್ದರೂ ಹಾಸಿಗೆಯಲ್ಲೇ ಉಳಿಯುವ ಪುರುಸೊತ್ತು, ಬೆಚ್ಚಗಿನ ಕೋಣೆ ಮೂರೂ ಬೇಕು. ಅಸುಂಡಿಯ ಬೆಳಗಿನಲ್ಲಿ ದುಡಿಯುವ ಹೆಂಗಸಿಗೆ ಮೂರರಲ್ಲಿ ಒಂದೂ ಇಲ್ಲ. ಅವಳ 96.9 ಅಳೆದದ್ದು ಮಾಗಿಯನ್ನು, ಥೈರಾಯ್ಡನ್ನಲ್ಲ.

ಇಲ್ಲಿ ಬಾರ್ನ್ಸ್ ಪರ ವಾದಿಸುವವರ ಜೊತೆ ಒಂದು ಜಗಳ ತೆಗೆಯಲೇಬೇಕು. ವೈದ್ಯರು ಟಿಎಸ್‌ಎಚ್ ಚೀಟಿ ನೋಡಿ "ಎಲ್ಲಾ ನಾರ್ಮಲ್" ಎಂದು ಕಳಿಸುತ್ತಾರೆ, ಥರ್ಮಾಮೀಟರಾದರೂ ರೋಗಿಯ ಮಾತು ಕೇಳುತ್ತದೆ ಎನ್ನುತ್ತಾರೆ ಅವರು. ಮೊದಲರ್ಧ ನಿಜ. ಚಳಿ ಎಂದವಳಿಗೆ ಮನಸ್ಸಿನ ಕಾಯಿಲೆ ಎಂದು ಹೇಳಿ ಕಳಿಸುವುದು ಅನ್ಯಾಯ, ಅದು ನಮ್ಮಲ್ಲಿ ನಡೆಯುತ್ತಲೇ ಇದೆ. ಎರಡನೆಯದು ಸುಳ್ಳು. ಥರ್ಮಾಮೀಟರ್ ಯಾರ ಮಾತನ್ನೂ ಕೇಳುವುದಿಲ್ಲ. ಚಳಿಯಲ್ಲಿ ನಡುಗುವ ಹೆಂಗಸಿನ ಕಂಕುಳಲ್ಲಿ 98 ಬಂದರೆ ಅದೇ ಪರೀಕ್ಷೆ ಅವಳ ಚಳಿಯನ್ನೂ ಸುಳ್ಳಾಗಿಸುತ್ತದೆ. ಒಂದು ಸಂಖ್ಯೆಯ ದಬ್ಬಾಳಿಕೆಯನ್ನು ವಿರೋಧಿಸಿ ಇನ್ನೊಂದು ಸಂಖ್ಯೆಯನ್ನು ಪಟ್ಟಕ್ಕೆ ಕೂರಿಸಿದ್ದಷ್ಟೇ ಇವರ ಸಾಧನೆ. ಈ ಹಾದಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ವೈದ್ಯ ಡೆನಿಸ್ ವಿಲ್ಸನ್ ಅವರ ಪ್ರಕರಣವಿದೆ. ರಕ್ತಪರೀಕ್ಷೆ ಸರಿಯಿದ್ದರೂ ಮೈಕಾವು ಕಡಿಮೆ ಎಂಬ ಕಾರಣಕ್ಕೆ ಟಿ3 ಕೊಡುವ ಪದ್ಧತಿ ಅವರದು. 1992ರಲ್ಲಿ ಫ್ಲೋರಿಡಾದ ವೈದ್ಯಮಂಡಳಿ ಅವರ ಪರವಾನಗಿಯನ್ನು ಆರು ತಿಂಗಳು ಅಮಾನತಿನಲ್ಲಿಟ್ಟಿತು. ಥೈರಾಯ್ಡ್ ಹಾರ್ಮೋನು ಅತಿಯಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಮುಟ್ಟು ನಿಂತವರ ಎಲುಬು ಸವೆಯುತ್ತದೆ. ಚಿಗವ್ವನ ವಯಸ್ಸಿನಲ್ಲಿ ಎರಡೂ ಸಣ್ಣ ಮಾತಲ್ಲ.

ಮೈ ಮುಟ್ಟಿ ನೋಡುವ ಪರೀಕ್ಷೆಯೇ ಬೇಕೆಂದರೆ ಅದಕ್ಕೂ ದಾರಿಯಿತ್ತು, ಅದನ್ನು ಯಾರೂ ಕೊಂಡಾಡಲಿಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪಾದ ಥಟ್ಟನೆ ಎಳೆದುಕೊಂಡು ಸಡಿಲಾಗುತ್ತದೆ. ಥೈರಾಯ್ಡ್ ಮಂದವಾದವರಲ್ಲಿ ಎಳೆತ ಸರಿಯಿದ್ದರೂ ಸಡಿಲಾಗುವುದು ತಡ. ಪಾದ ತೆವಳಿಕೊಂಡು ಹಿಂದಕ್ಕೆ ಬರುತ್ತದೆ. 1969ರಲ್ಲಿ ಬಿಲ್ಲೆವಿಚ್ ಮತ್ತು ಸಂಗಡಿಗರು ಮಾಡಿದ ಲಕ್ಷಣಗಳ ಅಂಕಪಟ್ಟಿಯಲ್ಲಿ ಇದಕ್ಕೆ ದೊಡ್ಡ ಪಾಲಿತ್ತು. 1997ರಲ್ಲಿ ಜುಲೆವ್ಸ್ಕಿ ತಂಡ ಆ ಪಟ್ಟಿಯನ್ನು ತಿದ್ದಿದಾಗ ಹಿಮ್ಮಡಿಯ ಪರೀಕ್ಷೆ ಉಳಿಯಿತು. ಚಳಿ ತಡೆಯದಿರುವುದು ನಂಬಲು ಸಾಲದೆಂದು ಹೊರಬಿತ್ತು. ಚಳಿ ಸುಳ್ಳೆಂದಲ್ಲ, ಥೈರಾಯ್ಡ್ ಸರಿಯಿದ್ದವರಿಗೂ ಅದು ಬರುತ್ತದೆಂದು.

ಥೈರಾಯ್ಡ್ ಮಂದವಾಗಿ ಕಾವು ನಿಜವಾಗಿ ಕುಸಿಯುವುದು, ಪ್ರಜ್ಞೆ ತಪ್ಪುವ ಮಿಕ್ಸೆಡೀಮಾ ಕೋಮಾದಂಥ ಕೊನೆಯ ಹಂತದಲ್ಲಿ. ಹಾಗಾದಾಗ ಮನೆಯ ಪಾದರಸದ ಥರ್ಮಾಮೀಟರ್ ಏನೂ ಹೇಳಲಾರದು, ಅದರ ಗೀಟುಗಳು ಶುರುವಾಗುವುದೇ 94-95ರಿಂದ.

ಹಾಗಾದರೆ ಗುಳಿಗೆ ತಗೊಂಡರೂ ಬಿಡದ ಚಳಿ ಎಲ್ಲಿಂದ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆಯಾದ ಮೈ ಚಳಿಯಲ್ಲಿ ಕಾವು ಹುಟ್ಟಿಸಿಕೊಳ್ಳಲು ಒದ್ದಾಡುತ್ತದೆ. ಚಿಗವ್ವ ಆ ವಯಸ್ಸು ದಾಟಿದವಳು, ಆದರೂ ಹಿಮೋಗ್ಲೋಬಿನ್ ಕಡಿಮೆ ಎಂದು ಅವಳಿಗೂ ಕಬ್ಬಿಣದ ಗುಳಿಗೆ ಬರೆದುಕೊಟ್ಟಿದ್ದರು. ಬೆಳಿಗ್ಗೆ ಎರಡೂ ಗುಳಿಗೆ ಒಟ್ಟಿಗೆ, ಚಹಾದ ಜೊತೆ ನುಂಗುತ್ತಿದ್ದಳು. ಕಬ್ಬಿಣ ಹೊಟ್ಟೆಯಲ್ಲೇ ಥೈರಾಯ್ಡ್ ಗುಳಿಗೆಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಎರಡರ ನಡುವೆ ನಾಲ್ಕು ತಾಸಾದರೂ ಬೇಕು. ಚಹಾ ಕೂಡ ಥೈರಾಯ್ಡ್ ಗುಳಿಗೆ ನುಂಗಿ ಅರ್ಧ ತಾಸಾದ ಮೇಲೆಯೇ. ಈಗ ಒಂದನ್ನು ಎದ್ದ ಕೂಡಲೇ ಬರೀ ನೀರಿನ ಜೊತೆ, ಇನ್ನೊಂದನ್ನು ಮಧ್ಯಾಹ್ನ ತಗೊಳ್ಳುತ್ತಾಳೆ. ಆರರಿಂದ ಎಂಟು ವಾರದ ಮೇಲೆ ಟಿಎಸ್‌ಎಚ್ ಜೊತೆಗೆ ಹಿಮೋಗ್ಲೋಬಿನ್ನನ್ನೂ ನೋಡಿಸಬೇಕು. ಅಲ್ಲಿಯತನಕ ಡೋಸ್ ಏರಿಸುವ ಮಾತಿಲ್ಲ.