ಚಿತ್ರದ ಕೆಳಗಿನ ಹೆಸರು

ದುದ್ದದ ಬಸ್ ನಿಲ್ದಾಣದಲ್ಲಿ ಹಾಸನದ ಬಸ್ಸಿಗಾಗಿ ನೀವೆಂದಾದರೂ ಕಾದು ನಿಂತಿದ್ದೀರಾ? ಕೆಲವು ತಿಂಗಳ ಹಿಂದೆ ಆ ಹೋಬಳಿಯ ಕೆಲವು ಮನೆಗಳಿಗೆ ಭೇಟಿ ಕೊಟ್ಟು ಹಿಂದಿರುಗುವಾಗ ನನಗೆ ಅಲ್ಲಿ ಮುಕ್ಕಾಲು ಗಂಟೆಯ ಬಿಡುವು ದೊರೆಯಿತು. ಜಪಮಾಲೆ ಮುಗಿದ ಮೇಲೆ ಕಣ್ಣು ತಾನಾಗಿಯೇ ವಾಹನಗಳ ಮೇಲೆ ಹರಿಯಿತು. ಆಲೂಗಡ್ಡೆ ಮೂಟೆಗಳನ್ನು ಹೇರಿಕೊಂಡ ಗೂಡ್ಸ್ ಆಟೊ, ಬಣ್ಣ ಮಾಸಿದ ಒಂದು ಮಾರುತಿ ವ್ಯಾನು, ಕಾಲೇಜು ಹುಡುಗನೊಬ್ಬನ ಬೈಕು. ಈ ಮೂರರ ಮೇಲೂ ಒಂದೇ ಚಿತ್ರ. ಕೇಸರಿ ಮತ್ತು ಕಪ್ಪು ಬಣ್ಣಗಳಲ್ಲಿ ಮೂಡಿದ ಹನುಮಂತನ ಮುಖ, ಗಂಟಿಕ್ಕಿದ ಹುಬ್ಬು, ತೀಕ್ಷ್ಣವಾದ ನೋಟ. ನೀವೂ ನೂರಾರು ಸಲ ನೋಡಿರುವ ಚಿತ್ರವೇ. "ಇದನ್ನು ಬರೆದವರು ಯಾರಪ್ಪಾ?" ಎಂದು ಆ ಹುಡುಗನನ್ನು ಕೇಳಿದೆ. ಅವನು ಕ್ಷಣಕಾಲ ಯೋಚಿಸಿ, "ಸ್ಟಿಕ್ಕರ್ ಅಂಗಡಿಯವರು, ಫಾದರ್" ಎಂದ.

ಬರೆದವರು ಕರಣ್ ಆಚಾರ್ಯ, ಕಾಸರಗೋಡು ಜಿಲ್ಲೆಯ ಯುವಕಲಾವಿದ. 2015ರಲ್ಲಿ ಊರಿನ ಗೆಳೆಯರು ಹಬ್ಬದ ಧ್ವಜಕ್ಕೆಂದು ಕೇಳಿದಾಗ ಕಂಪ್ಯೂಟರಿನಲ್ಲಿ ಅವರು ರಚಿಸಿಕೊಟ್ಟ ಚಿತ್ರವಿದು. ಅಲ್ಲಿಂದ ಅದು ಬೆಂಗಳೂರಿನ ಕಾರುಗಳ ಹಿಂಗಾಜಿಗೆ, ಬಳಿಕ ದೇಶದ ರಸ್ತೆಗಳಿಗೆಲ್ಲ ಹರಡಿತು; 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಮಂತ್ರಿಯವರೇ ಅದನ್ನು ಪ್ರಸ್ತಾಪಿಸಿ ಕಲಾವಿದನನ್ನು ಹೊಗಳಿದರು. ಇಷ್ಟಾದರೂ ದುದ್ದದ ಹುಡುಗನಿಗೆ ಹೆಸರು ತಿಳಿಯದು. ಅವನನ್ನು ನಾನು ದೂರುವುದಿಲ್ಲ. ಚಿತ್ರದ ಕೆಳಗೆ ಹೆಸರೇ ಇಲ್ಲವಲ್ಲ!

ಅನ್ಯಧರ್ಮದ ಆರಾಧ್ಯ ಮೂರ್ತಿಯ ಚಿತ್ರವನ್ನು ಪಾದ್ರಿಯೊಬ್ಬ ವಿಮರ್ಶಿಸುವುದೇ ಎಂದು ನಿಮಗೆ ಅನಿಸಬಹುದು. ಮೂರ್ತಿಯ ಬಗ್ಗೆ ನನಗಿರುವುದು ಗೌರವ ಮಾತ್ರ. ನಾನು ಹೇಳಬಯಸುವುದು ಗೆರೆಯ ಬಗ್ಗೆ. ರಚನೆಯ ದೃಷ್ಟಿಯಿಂದ ಅದು ಬಲವಾದ ಚಿತ್ರ. ಕೆಲವೇ ಬಣ್ಣಗಳು, ನೆರಳಿನಿಂದಲೇ ಕಟ್ಟಿದ ಮುಖ. ನಾಣ್ಯದಷ್ಟು ಚಿಕ್ಕದಾಗಿಸಿದರೂ ಗೋಡೆಯಷ್ಟು ಹಿಗ್ಗಿಸಿದರೂ ಕೆಡದು. ಆದರೆ ನಮ್ಮ ತಾಯಂದಿರ ಕಾಲದ ಕ್ಯಾಲೆಂಡರುಗಳನ್ನು ನೆನೆಯಿರಿ. ಕಲಬುರಗಿಯ ಎಸ್.ಎಂ. ಪಂಡಿತರಂಥವರು ಬೆಳೆಸಿದ ಆ ಪರಂಪರೆಯಲ್ಲಿ ಆಂಜನೇಯನು ಒಂಟಿಯಾಗಿರುವುದು ಅಪರೂಪ. ರಾಮನ ಪಾದದ ಬಳಿ ಮಂಡಿಯೂರಿರುತ್ತಾನೆ, ಎದೆ ತೆರೆದು ತೋರಿಸುತ್ತಾನೆ, ಬೆಟ್ಟವನ್ನು ಹೊತ್ತಿರುತ್ತಾನೆ. ಯಾರಿಗಾಗಿ ಈ ಬಲ ಎಂಬುದು ಚಿತ್ರದೊಳಗೇ ಇರುತ್ತದೆ. ಸ್ಟಿಕ್ಕರಿನಲ್ಲಿ ಮುಖವುಂಟು, ಕಥೆಯಿಲ್ಲ. ತಾನು ಬರೆದದ್ದು ಕೋಪವನ್ನಲ್ಲ, ಒಂದು ಗತ್ತನ್ನು ಎಂಬರ್ಥದಲ್ಲಿ ಕಲಾವಿದರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು, ಕೇಳಿದವರೆಷ್ಟು ಜನ? ಕಥೆಯಿಂದ ಕಳಚಿಕೊಂಡ ಚಿತ್ರಕ್ಕೆ ನೋಡುವವರು ತಮ್ಮ ತಮ್ಮ ಅರ್ಥವನ್ನು ತುಂಬಿದರು. ಕೆಲವರಿಗೆ ಭಕ್ತಿ ಕಂಡಿತು, ಕೆಲವರಿಗೆ ಭೀತಿ. ಅದರ ಹೊಣೆಯನ್ನು ಬರೆದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕಥೆ ಮತ್ತು ಹೆಸರು ಎರಡನ್ನೂ ಕಳಚಿ ಹಂಚಿದವರು ನಾವೇ.

ಹೆಸರಿನ ವಿಷಯದಲ್ಲಿ ಹಾಸನ ಜಿಲ್ಲೆಯವರಾದ ನಮಗೆ ನೆಪ ಹೇಳುವ ಹಕ್ಕು ಕಡಿಮೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳನ್ನು ಇಂದಿಗೂ ಓದಬಹುದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದವರು 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ಗುಡಿಯನ್ನು ಒಮ್ಮೆ ಸುತ್ತು ಹಾಕಲಿ: ದಕ್ಷಿಣದ ಗೋಡೆಯ ಶಿಲ್ಪಗಳಲ್ಲಿ ಬೈಚೋಜನ ಕೈ, ಉತ್ತರದಲ್ಲಿ ಮಲ್ಲಿತಮ್ಮನ ಕೈ. ಇಬ್ಬರೂ ಪುರಾಣದ ಕಥೆಗಳನ್ನೇ ಕೆತ್ತಿದರು, ಅಂದರೆ ಆ ಕಾಲದ ಕಥಾಚಿತ್ರಕಾರರು ಅವರು. ಬೈಚೋಜನ ಬಿಗಿ ಬೇರೆ, ಮಲ್ಲಿತಮ್ಮನ ಲಯ ಬೇರೆ ಎಂದು ನಾವು ಇಂದು ಹೋಲಿಸಿ ನೋಡಬಲ್ಲೆವಾದರೆ ಅದಕ್ಕೆ ಕಾರಣ ಅವರು ಕೆತ್ತಿಟ್ಟ ಆ ನಾಲ್ಕಾರು ಅಕ್ಷರಗಳು. ಹೆಸರಿಲ್ಲದೆ ಹೋಗಿದ್ದರೆ 'ಹೊಯ್ಸಳ ಶೈಲಿ' ಎಂಬ ಒಂದೇ ಪದದಲ್ಲಿ ಇಬ್ಬರೂ ಕರಗಿಹೋಗುತ್ತಿದ್ದರು.

ಮುದ್ರಣದ ಯುಗದಲ್ಲಿ ನಡೆದದ್ದು ಬಹುಮಟ್ಟಿಗೆ ಆ ಕರಗುವಿಕೆಯೇ. 1949ರಿಂದ ಕನ್ನಡದಲ್ಲಿ ಬರತೊಡಗಿದ 'ಚಂದಮಾಮ'ವನ್ನು ಓದಿ ಬೆಳೆದವರು ನಮ್ಮಲ್ಲಿ ಅನೇಕರಿದ್ದೇವೆ. ಹೆಣವನ್ನು ಹೆಗಲಿಗೆ ಹಾಕಿ, ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರ ನಮಗೆ ಬಾಯಿಪಾಠವಿತ್ತು. ಅದನ್ನು ಬರೆದ ಶಂಕರ್ ಎಂಬ ಹೆಸರನ್ನು ಗುರುತಿಸಿದವರು ಎಷ್ಟು ಮಂದಿ? ಸುಮಾರು ಆರು ದಶಕ ಒಂದೇ ಪತ್ರಿಕೆಗೆ ದುಡಿದ ಅವರು 2020ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ, 2021ರಲ್ಲಿ ಪದ್ಮಶ್ರೀ ಬಂತು. ಮಹಾಭಾರತದ ಮುಖಪುಟಗಳನ್ನು ಬರೆದ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಹೆಸರು ಇಂದಿನ ಮಕ್ಕಳಿಗಿರಲಿ, ಅಧ್ಯಾಪಕರಿಗೂ ಅಪರಿಚಿತ. ಆರ್.ಕೆ. ಲಕ್ಷ್ಮಣರದು ಮಾತ್ರ ಅದೃಷ್ಟದ ಕಥೆ: ಮಾಲ್ಗುಡಿ ಎಂದೊಡನೆ ಅಣ್ಣನ ವಾಕ್ಯಗಳಿಗಿಂತ ಮೊದಲು ತಮ್ಮನ ಗೆರೆಗಳೇ ಕಣ್ಣಮುಂದೆ ಬರುತ್ತವೆ.

ನಾನು ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ವಾಚನಾಲಯಕ್ಕೆ 'ಸುಧಾ', 'ಮಯೂರ' ಬರುತ್ತಿದ್ದವು. ಕಥೆ ಓದುವ ಮುನ್ನ ಚಿತ್ರ ನೋಡುವುದು ನಮ್ಮ ಅಭ್ಯಾಸ. ಚಿತ್ರ ನೋಡಿ ಕಥೆ ಬಿಡುವುದೂ ಇತ್ತು. ಚಂದ್ರನಾಥ ಆಚಾರ್ಯರ ರೇಖೆಗಳನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಬಳಿ ಕಲಿತು, ಶಾಂತಿನಿಕೇತನದಲ್ಲಿ ಮುದ್ರಣಕಲೆಯನ್ನು ಅಭ್ಯಸಿಸಿದ ಈ ಪುತ್ತೂರಿನ ಕಲಾವಿದ ಕಥೆಗೆ ಚಿತ್ರ ಬರೆಯುವ ಕ್ರಮವನ್ನೇ ಬದಲಿಸಿದರೆಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಚಿತ್ರಕಾರನು ಕಥೆಯ ರೋಚಕ ಘಳಿಗೆಯನ್ನು ಆರಿಸಿಕೊಳ್ಳುತ್ತಾನೆ: ಕೊಲೆಯಾದರೆ ಚೂರಿ, ಪ್ರೇಮವಾದರೆ ಹೂವು. ಆಚಾರ್ಯರ ಚಿತ್ರದಲ್ಲಿ ನಾನು ಕಂಡದ್ದು ಆ ಘಳಿಗೆಯ ಅಕ್ಕಪಕ್ಕ. ಕಥೆಗಾರನು ಹೇಳದೆ ಬಿಟ್ಟ ಮೂಲೆಯೊಂದನ್ನು ಅವರ ಗೆರೆ ಮುಟ್ಟಿ ಬರುತ್ತಿತ್ತು. ನಮ್ಮ ಬೈಬಲ್ ಅಧ್ಯಾಪಕರು ಭಾಷ್ಯ ಎಂದರೇನೆಂದು ವಿವರಿಸುತ್ತಿದ್ದಾಗ ನನಗೆ ನೆನಪಾಗುತ್ತಿದ್ದುದು ಈ ಪುಟಗಳೇ. ಮೂಲವನ್ನು ಪುನಃ ಹೇಳುವುದು ಭಾಷ್ಯವಲ್ಲ, ಮೂಲಕ್ಕೆ ಒಂದು ಪ್ರಶ್ನೆ ಕೇಳುವುದು ಭಾಷ್ಯ. ಚಿತ್ರಕ್ಕೂ ಅದೇ ಅಳತೆಗೋಲು ಸಲ್ಲುತ್ತದೆ.

ಆ ಅಳತೆಗೋಲನ್ನು ಹಿಡಿದು ಇಂದಿನವರನ್ನು ನೋಡಿದರೆ ನಿರಾಶೆಗೆ ಕಾರಣವಿಲ್ಲ. ಬೆಂಗಳೂರಿನ ಪಾಲ್ ಫರ್ನಾಂಡಿಸ್ 1960-70ರ ದಶಕಗಳ ದಂಡು ಪ್ರದೇಶದ ಬೆಂಗಳೂರನ್ನು ವಿನೋದದ ಗೆರೆಗಳಲ್ಲಿ ಉಳಿಸಿಕೊಟ್ಟಿದ್ದಾರೆ. ಗೋವೆಯ ಮಾರಿಯೊ ಮಿರಾಂಡರ ಜನಜಂಗುಳಿಯನ್ನು ಬಲ್ಲವರಿಗೆ ಈ ಲೋಕ ಕೂಡಲೇ ಆಪ್ತವಾಗುತ್ತದೆ. ನನಗೊಂದು ತಕರಾರಿದೆ: ಆ ಬೆಂಗಳೂರಿನಲ್ಲಿ ಪೇಟೆಯ ಕನ್ನಡ ಬೀದಿಗಳು ಅಷ್ಟಾಗಿ ಕಾಣಿಸುವುದಿಲ್ಲ. ಆದರೆ ತಾನು ಬೆಳೆದ ಬೀದಿಯನ್ನು ಪ್ರಾಮಾಣಿಕವಾಗಿ ಬರೆದವನನ್ನು ಬೇರೆ ಬೀದಿ ಏಕೆ ಬರೆಯಲಿಲ್ಲವೆಂದು ಎಷ್ಟು ಕೇಳಲು ಸಾಧ್ಯ?

ಮಕ್ಕಳ ಪುಸ್ತಕಗಳಲ್ಲಿ ಆಗಿರುವ ಬದಲಾವಣೆ ಇದಕ್ಕಿಂತ ದೊಡ್ಡದು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಅಗ್ಗದ ಬೆಲೆಗೆ ಕನ್ನಡದಲ್ಲೂ ಪುಸ್ತಕಗಳನ್ನು ಕೊಡುತ್ತಿದೆ. 2015ರಿಂದ ಅದರ ಸ್ಟೋರಿವೀವರ್ ಮೂಲಕ ಯಾರು ಬೇಕಾದರೂ ಅವನ್ನು ಉಚಿತವಾಗಿ ಓದಬಹುದು, ಅನುವಾದಿಸಬಹುದು. ಒಂದೇ ಷರತ್ತೆಂದರೆ ಬರೆದವರ ಮತ್ತು ಚಿತ್ರಿಸಿದವರ ಹೆಸರನ್ನು ಬಿಡುವಂತಿಲ್ಲ. ಚಿತ್ರಕಾರರ ಹೆಸರು ಲೇಖಕರ ಪಕ್ಕದಲ್ಲಿ, ಮುಖಪುಟದ ಮೇಲೆಯೇ ಇರುತ್ತದೆ. ರಾಜೀವ್ ಐಪ್ ಅವರ ಒಂದು ಪುಸ್ತಕದಲ್ಲಿ ಅಜ್ಜಿ ಮೊಮ್ಮಗ ಸೇರಿ ಸನ್ನೆ, ರಾಟೆ, ಇಳಿಜಾರುಗಳಂಥ ಸರಳ ಯಂತ್ರಗಳ ನೆರವಿನಿಂದ ಕೊಬ್ಬರಿ ಮಿಠಾಯಿ ಮಾಡುತ್ತಾರೆ. ಮತ್ತೊಂದರಲ್ಲಿ ನಾಯಕನು ನಗರದ ಕಸ ಸಂಗ್ರಹಿಸುವ ಆನಂದ. ಅವನ ಬಗ್ಗೆ ಮರುಕದ ಒಂದು ಗೆರೆಯೂ ಆ ಪುಸ್ತಕದಲ್ಲಿಲ್ಲ. ಇದನ್ನು ನಾನು ದೊಡ್ಡ ಸಾಧನೆಯೆಂದು ಎಣಿಸುತ್ತೇನೆ. ಪ್ರಿಯಾ ಕುರಿಯನ್ ಅವರು ಕನ್ನಡಕ ಕಳೆದುಕೊಂಡ ಅಜ್ಜಿಯ ಪರದಾಟವನ್ನು ಒಂದು ಪದವೂ ಇಲ್ಲದೆ ಹೇಳಿಬಿಟ್ಟಿದ್ದಾರೆ. ದುದ್ದದ ಮನೆಯೊಂದರಲ್ಲಿ ಕೊಬ್ಬರಿಯ ಪುಸ್ತಕವನ್ನು ನಾನು ಎರಡನೆಯ ತರಗತಿಯ ಮಗುವಿಗೆ ತೋರಿಸಿದಾಗ ಅವಳು ಅಕ್ಷರಕ್ಕೆ ಕಣ್ಣು ಹಾಕಲಿಲ್ಲ. ಚಿತ್ರದ ರಾಟೆಗೆ ಬೆರಳಿಟ್ಟು, "ನಮ್ಮ ಬಾವೀಲೂ ಐತೆ" ಎಂದಳು. ಅದೇ ಮಗು ಪುಟ ತಿರುಗಿಸಿ, "ರಾಗಿ ಹೊಲ ಎಲ್ಲೈತೆ?" ಎಂದೂ ಕೇಳಿತು. ಈ ಪುಸ್ತಕಗಳ ಕೊರತೆಯನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಅವು ಬಹುಪಾಲು ಬೇರೆ ಭಾಷೆಯಲ್ಲಿ ಹುಟ್ಟಿ ಕನ್ನಡಕ್ಕೆ ಬರುತ್ತವೆ. ನಮ್ಮ ಬಯಲುಸೀಮೆಯ ಅಂಚಿನ ಹೊಲ, ಹುಲ್ಲಿನ ಬಣವೆ, ಹೆಂಚಿನ ಮನೆ ಅವುಗಳಲ್ಲಿ ಇನ್ನೂ ವಿರಳ.

ಇನ್ನು ನಮ್ಮ ಮನೆಯ ಮಾತು. ಸುಮಾರು ಕ್ರಿ.ಶ. 600ರಲ್ಲಿ ಮಾರ್ಸೇಲಿನ ಧರ್ಮಾಧ್ಯಕ್ಷ ಸೆರೆನಸರು ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಅಕ್ಷರ ಬಾರದವರಿಗೆ ಚಿತ್ರವೇ ಗ್ರಂಥವೆಂಬ ಅರ್ಥದಲ್ಲಿ ಮಹಾ ಗ್ರೆಗೊರಿ ಜಗದ್ಗುರುಗಳು ಅವರಿಗೆ ಪತ್ರ ಬರೆದರು. ಗುರುಮಠದಲ್ಲಿ ಇದನ್ನು ಎಲ್ಲರೂ ಓದಿರುತ್ತೇವೆ. ವಿನಯದಿಂದಲೇ ಹೇಳುತ್ತೇನೆ, ಆ ಮಾತು ಅರ್ಧಕ್ಕೆ ನಿಂತಿದೆ. ಅಕ್ಷರ ಬಲ್ಲವರಿಗೂ ಚಿತ್ರವು ಗ್ರಂಥವೇ. ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೆಪುರದಲ್ಲಿ ನೆಲೆಸಿ ಚಿತ್ರ ಬರೆದ ಜ್ಯೋತಿ ಸಾಹಿಯವರು ಇದನ್ನು ತಿಳಿದವರು. ಮರ, ಬೀಜ, ನೃತ್ಯ ಮುಂತಾದ ಈ ನೆಲದ ರೂಪಗಳಲ್ಲಿ ಶುಭಸಂದೇಶವನ್ನು ಓದಲು ಅವರು ಯತ್ನಿಸಿದರು. 1976ರಲ್ಲಿ ಜರ್ಮನಿಯ ಮಿಸೆರಿಯೊರ್ ಸಂಸ್ಥೆ ತನ್ನ ತಪಸ್ಸುಕಾಲದ ಹಸಿವಿನ ವಸ್ತ್ರಕ್ಕೆ ಅವರ ಚಿತ್ರವನ್ನೇ ಆರಿಸಿತು. ಅಲ್ಲಿನ ದೇವಾಲಯಗಳಲ್ಲಿ ತೂಗಿದ ಗೆರೆ ನಮ್ಮ ಎಷ್ಟು ದೇವಾಲಯಗಳನ್ನು ಪ್ರವೇಶಿಸಿದೆ? ಅವರ ಕೆಲವು ಚಿತ್ರಗಳಲ್ಲಿ ಸಂಕೇತಗಳು ಒತ್ತೊತ್ತಾಗಿ ಬಂದು, ಪಕ್ಕದಲ್ಲೊಬ್ಬ ಉಪನ್ಯಾಸಕ ನಿಲ್ಲಬೇಕಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಾವು ಅವರನ್ನು ಬಿಟ್ಟದ್ದು ಆ ಕಾರಣಕ್ಕಲ್ಲ. ನೀಲಿ ಕಣ್ಣಿನ, ಹೊಂಬಣ್ಣದ ಕೂದಲಿನ ಮುದ್ರಿತ ಪಟ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿತ್ತು, ಅಷ್ಟೇ.

ಸುಲಭದ ದಾರಿ ನಾನೂ ತುಳಿದಿದ್ದೇನೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಧರ್ಮಕೇಂದ್ರಕ್ಕಾಗಿ ಶಿಲುಬೆ ಹಾದಿಯ ಕಿರುಹೊತ್ತಗೆಯೊಂದನ್ನು ಸಿದ್ಧಪಡಿಸುವಾಗ ಹದಿನಾಲ್ಕು ಚಿತ್ರಗಳನ್ನೂ ಅಂತರ್ಜಾಲದಿಂದ ಇಳಿಸಿಕೊಂಡೆ. ಅವುಗಳಲ್ಲೊಂದರ ಮೂಲೆಯಲ್ಲಿ ಚಿತ್ರಕಾರನ ಸಹಿಯಿತ್ತು. ಪುಟದ ಅಂಚಿಗೆ ಅಡ್ಡಬರುತ್ತದೆಂದು ಅದನ್ನು ಕತ್ತರಿಸಿದವನು ನಾನೇ. ಆ ಹೆಸರನ್ನು ಆಗ ಓದಿದ್ದೆ. ಈಗ ನೆನಪಿಗೆ ಬರುತ್ತಿಲ್ಲ.

ಇತ್ತೀಚೆಗಂತೂ ಇಳಿಸಿಕೊಳ್ಳುವ ಶ್ರಮವೂ ಬೇಡ. ಯಂತ್ರಕ್ಕೆ ಒಂದು ಸಾಲು ಹೇಳಿದರೆ ಅರೆನಿಮಿಷದಲ್ಲಿ ಚಿತ್ರ ಬರೆದುಕೊಡುತ್ತದೆ. ಕಳೆದ ಕ್ರಿಸ್ತಜಯಂತಿಗೆ ನನ್ನ ಫೋನಿಗೆ ಬಂದ ಶುಭಾಶಯ ಪತ್ರಗಳಲ್ಲಿ ಒಂದರ ಕುರುಬನಿಗೆ ಬಲಗೈಯಲ್ಲಿ ಆರು ಬೆರಳುಗಳಿದ್ದವು. ಬೆರಳಿನ ತಪ್ಪನ್ನು ಯಂತ್ರ ಬೇಗ ತಿದ್ದಿಕೊಳ್ಳುತ್ತದೆ, ಅದು ನನ್ನ ಚಿಂತೆಯಲ್ಲ. ದುದ್ದದ ಹೊರಗೆ ಹೊಲದಲ್ಲಿ ಕುರಿ ತರುಬುವವರ ಹೆಗಲ ಮೇಲೆ ಕಂಬಳಿಯಿರುತ್ತದೆ; ಆ ಕುರುಬನ ಹೆಗಲಲ್ಲಿ ಅದಿರಲಿಲ್ಲ. ಏಕಿಲ್ಲವೆಂದು ಕೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ.

ಈ ಸಲ ತಪಸ್ಸುಕಾಲದ ಹೊತ್ತಗೆಗೆ ಚಿತ್ರ ಬೇಕಾದಾಗ ನಾನು ದುದ್ದದ ರಸ್ತೆಬದಿಯ ಯುವಕನೊಬ್ಬನ ಬಳಿ ಹೋದೆ. ಅಂಗಡಿಗಳ ಬೋರ್ಡು, ಲಾರಿಗಳ ಹಿಂಬದಿಯ ಹದ್ದು, ಕಮಲ ಬರೆದು ಬದುಕುವವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ. ಕ್ರೈಸ್ತನಲ್ಲ. "ಮುಖ ಹೆಂಗಿರಬೇಕು ಫಾದರ್, ಮಾದರಿ ಕೊಡಿ" ಎಂದ. ಮಾದರಿ ಕೊಡದೆ ಲೂಕನ ಶುಭಸಂದೇಶದ ಇಪ್ಪತ್ತಮೂರನೆಯ ಅಧ್ಯಾಯವನ್ನು ಕೊಟ್ಟು ಬಂದೆ. ಒಂದು ಚಿತ್ರಕ್ಕೆ ಇಷ್ಟೆಂದು ಹಣವನ್ನೂ ಮೊದಲೇ ಮಾತಾಡಿದೆವು. ನಮ್ಮ ಆರ್ಥಿಕ ಸಮಿತಿಯವರು ಹುಬ್ಬೇರಿಸಿದರು, ಕೊನೆಗೆ ಒಪ್ಪಿದರು. ಮೂರು ವಾರದ ನಂತರ ಅವನು ತಂದ ಹಾಳೆಗಳಲ್ಲಿ ಎಲ್ಲವೂ ಚೆನ್ನಾಗಿರಲಿಲ್ಲ. ಸೈನಿಕರು ಸಿನಿಮಾ ಸೈನಿಕರಂತಿದ್ದರು, ಒಬ್ಬನಂತೂ ಇಲ್ಲಿನ ಪೊಲೀಸರೊಬ್ಬರನ್ನು ಹೋಲುತ್ತಾನೆಂದು ಹಿರಿಯರೊಬ್ಬರು ನಕ್ಕರು. ಆದರೆ ಐದನೆಯ ಸ್ಥಳದ ಚಿತ್ರದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಹೊಲದ ಕಡೆಯಿಂದ ಬರುತ್ತಿದ್ದ ಸಿರೇನೆಯ ಸಿಮೋನನನ್ನು ಹಿಡಿದು ಶಿಲುಬೆ ಹೊರಿಸಿದ ಪ್ರಸಂಗವದು. ಹುಡುಗನ ಸಿಮೋನನ ಹೆಗಲ ಮೇಲೆ ಕಂಬಳಿಯಿತ್ತು, ಅದರ ಮೇಲೆ ಶಿಲುಬೆ. ಕಾಲಬಳಿ ಮಣ್ಣಿನಲ್ಲಿ ಒಂದು ಕುಡುಗೋಲು ಬಿದ್ದಿತ್ತು.

ಇಪ್ಪತ್ತೈದು ವರ್ಷಗಳಿಗೂ ಮೀರಿ ಆ ಸ್ಥಳದ ಮುಂದೆ ಪ್ರಾರ್ಥನೆ ನಡೆಸಿಕೊಟ್ಟಿರುವ ನಾನು, ಹೊಲದಿಂದ ಬಂದವನ ಕೈಯಲ್ಲಿ ಏನಾದರೂ ಇದ್ದಿರಬೇಕೆಂದು, ಅದನ್ನು ಅವನು ಎಲ್ಲೋ ಕೈಬಿಟ್ಟಿರಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಲೂಕನು ಅದನ್ನು ಹೇಳಿಲ್ಲ. ಹಾಳೆಯ ಹಿಂದೆ ಮುಂದೆ ತಿರುಗಿಸಿ ನೋಡಿದೆ, ಹೆಸರು ಬರೆದಿರಲಿಲ್ಲ. ಬರೆಯಲು ಹೇಳಿದಾಗ ಅವನು ನಾಚಿಕೊಂಡು, "ಇದಕ್ಕೆಲ್ಲ ಯಾಕೆ ಫಾದರ್" ಎಂದ. ಬಿಡದೆ ಪೆನ್ಸಿಲ್ ಕೈಗೆ ಕೊಟ್ಟೆ. ಕುಡುಗೋಲಿನ ಹಿಡಿಯ ಕೆಳಗೆ, ನನ್ನ ಕನ್ನಡಕ ಹಾಕಿದರೆ ಮಾತ್ರ ಕಾಣುವಷ್ಟು ಚಿಕ್ಕದಾಗಿ, ಬರೆದುಕೊಟ್ಟ.